ದೇವತೆಗಳ ಪಾಲು

ಕಳೆದ ಯುಗಾದಿಯ ಹೊಸತೊಡಕಿನ ದಿನ ಮದ್ದೂರಿನ ಅಕ್ಕನ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಮುದ್ದೆ, ಬಾಡಿನ ಸಾರು, ಕೊನೆಗೆ ಮಜ್ಜಿಗೆ. ಊಟ ಮುಗಿಯುವ ಹೊತ್ತಿಗೆ ಅಕ್ಕನ ಮಗ ಒಳಗೆ ಹೋಗಿ, ಉದ್ದನೆಯ ರಟ್ಟಿನ ಡಬ್ಬಿಯೊಂದನ್ನು ತಂದು, ಅದರೊಳಗಿನ ಬಾಟಲಿಯನ್ನು ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲಿಟ್ಟ. ಅವನು ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಇಂಜಿನಿಯರು. ಎರಡು ವರ್ಷಕ್ಕೊಮ್ಮೆ ಬರುತ್ತಾನೆ. "ಚಿಕ್ಕಮ್ಮ, ಇದು ಅಲ್ಲಿನ ಒಳ್ಳೇ ವಿಸ್ಕಿ. ಕುಡೀರಿ ಅಂತ ಹೇಳ್ತಿಲ್ಲ. ಒಂದು ಸಲ ಮೂಸಿ ನೋಡಿ ಸಾಕು" ಅಂದ.

ಅಕ್ಕ ಏನೂ ಹೇಳಲಿಲ್ಲ. ಎದ್ದು ತಟ್ಟೆಗಳನ್ನು ಜೋಡಿಸಿಕೊಂಡು ಹಿತ್ತಲಿಗೆ ಹೋದಳು. ಸ್ವಲ್ಪ ಹೊತ್ತಿಗೆಲ್ಲ ನಲ್ಲಿಯ ನೀರಿನ ಸದ್ದಿಗಿಂತ ಜೋರಾಗಿ ಪಾತ್ರೆಗಳ ಸದ್ದು ಕೇಳತೊಡಗಿತು.

ಅವಳ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಅಕ್ಕನನ್ನು ಕೊಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಗೆ. ನಾಲೆಯ ನೀರು ಬರುವ ಒಂದೂವರೆ ಎಕರೆ ಗದ್ದೆ, ಅದರಲ್ಲಿ ಕಬ್ಬು. ಭಾವ ಒಳ್ಳೆಯವರೇ. ನನ್ನ ಮದುವೆಗೆ ಎರಡು ಮೂಟೆ ಅಕ್ಕಿಯನ್ನು ಗಾಡಿಯಲ್ಲಿ ತಾವೇ ಹೊಡೆದುಕೊಂಡು ಬಂದವರು. ಆಮೇಲೆ ಪ್ಯಾಕೆಟ್ ಸಾರಾಯಿ ಬಂತು. ಮೊದಲು ಕಬ್ಬು ಸಾಗಿಸಿದ ದಿನ ಮಾತ್ರ, ಆಮೇಲೆ ವಾರದ ಸಂತೆಗೆ, ಆಮೇಲೆ ಬೆಳಗ್ಗೆ ಎದ್ದೊಡನೆ. ಗದ್ದೆ ಮೊದಲು ಅಡವಿಗೆ ಹೋಯಿತು, ನಂತರ ಕ್ರಯಕ್ಕೆ. 1998ರಲ್ಲಿ ಅವರು ತೀರಿಕೊಂಡಾಗ ಹುಡುಗನಿಗೆ ಹನ್ನೆರಡು ವರ್ಷ. ಅವನನ್ನು ನಾನು ಮಂಡ್ಯಕ್ಕೆ ಕರೆತಂದು ಓದಿಸಿದೆ. ಆ ಹುಡುಗನೇ ಈಗ ತಾಯಿಯ ಮುಂದೆ ಬಾಟಲಿ ಇಟ್ಟಿದ್ದ.

ನಾನು ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದವಳು. ಅಕ್ಷರ ಕಂಡರೆ ಓದದೆ ಬಿಡುವ ಜಾತಿ ನನ್ನದಲ್ಲ. ಕನ್ನಡಕ ಹಾಕಿಕೊಂಡು ಬಾಟಲಿಯ ಚೀಟಿ ಓದಿದೆ. ಸಿಂಗಲ್ ಮಾಲ್ಟ್ ಸ್ಕಾಚ್ ವಿಸ್ಕಿ, ಷೆರಿ ಪೀಪಾಯಿಯಲ್ಲಿ ಮುಗಿಸಿದ್ದು ಎಂದಿತ್ತು. "ಮುಗಿಸಿದ್ದು ಅಂದರೇನೋ? ಶುರು ಎಲ್ಲಿ ಮಾಡಿದರು?" ಎಂದು ಕೇಳಿದೆ. ಅವನು ಹೇಳಿದ್ದು ಸ್ವಲ್ಪ, ಆಮೇಲೆ ನಾನು ಹುಡುಕಿ ಓದಿದ್ದು ಬಹಳ. ಮನೆ ಹಾಳುಮಾಡಿದ ವಸ್ತುವಿನ ಚರಿತ್ರೆಯನ್ನು ಹೆಂಗಸರಾದ ನಾವು ಯಾಕೆ ತಿಳಿಯಬಾರದು?

ಮಾಲ್ಟ್ ಎನ್ನುವುದು ನಮಗೇನೂ ಹೊಸದಲ್ಲ. ರಾಗಿಯನ್ನು ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಹುರಿದು ಹಿಟ್ಟು ಮಾಡುತ್ತೇವಲ್ಲ, ಮಕ್ಕಳಿಗೆ ಕುಡಿಸುವ ಆ ರಾಗಿ ಮಾಲ್ಟ್‌ನ ಮಾಲ್ಟ್ ಇದೇ. ಮೊಳಕೆ ಬಂದಾಗ ಕಾಳಿನೊಳಗಿನ ಪಿಷ್ಟ ಸಕ್ಕರೆಯಾಗಲು ತಯಾರಾಗುತ್ತದೆ. ಮೊಳಕೆಯ ಹಿಟ್ಟಿನ ಗಂಜಿ ಸಿಹಿಯಾಗಿರುವುದು ಅದರಿಂದಲೇ. ಸ್ಕಾಟ್ಲೆಂಡಿನವರು ಇದನ್ನು ಜವೆಗೋಧಿಯಲ್ಲಿ ಮಾಡುತ್ತಾರೆ. ಮೊಳಕೆ ಕಾಳನ್ನು ಒಣಗಿಸಿ, ನುಚ್ಚು ಮಾಡಿ, ಬಿಸಿನೀರಿನಲ್ಲಿ ಕದಡಿ ಸಿಹಿನೀರು ತೆಗೆದು, ಅದಕ್ಕೆ ಈಸ್ಟ್ ಹಾಕಿ ಹುಳಿ ಬರಿಸಿ, ತಾಮ್ರದ ದೊಡ್ಡ ಭಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಸಲ ಇಳಿಸುತ್ತಾರೆ. ಒಂದೇ ಭಟ್ಟಿಮನೆಯಲ್ಲಿ, ಬರೀ ಮೊಳಕೆಯ ಜವೆಗೋಧಿಯಿಂದ ಆದದ್ದು ಸಿಂಗಲ್ ಮಾಲ್ಟ್.

ಇದರ ಮೊದಲ ದಾಖಲೆ ಸಿಗುವುದು 1494ರ ಸ್ಕಾಟ್ಲೆಂಡಿನ ರಾಜನ ಖಜಾನೆಯ ಲೆಕ್ಕಪುಸ್ತಕದಲ್ಲಿ. ಜಾನ್ ಕಾರ್ ಎಂಬ ಸಂನ್ಯಾಸಿಗೆ 'ಜೀವಜಲ' ಮಾಡಲು ಎಂಟು ಅಳತೆ ಮಾಲ್ಟ್ ಕೊಟ್ಟದ್ದಾಗಿ ಅದರಲ್ಲಿ ಬರೆದಿದೆ. ವಿಸ್ಕಿ ಎಂಬ ಮಾತಿನ ಮೂಲಾರ್ಥವೂ ಅವರ ಗೇಲಿಕ್ ಭಾಷೆಯಲ್ಲಿ ಜೀವಜಲವೆಂದೇ. ಔಷಧಿಯೆಂದು ಶುರುವಾಗಿ ಆಮೇಲೆ ರೋಗವಾಗುವುದು ಎಲ್ಲ ದೇಶಗಳಲ್ಲೂ ಇದರ ಹಣೆಬರಹವೇನೋ!

ಭಟ್ಟಿಯಿಂದ ಇಳಿದಾಗ ಇದು ನೀರಿನ ಹಾಗೆ ತಿಳಿಯಾಗಿರುತ್ತದಂತೆ. ಬಣ್ಣ ಬರುವುದು ಬಹುಪಾಲು ಮರದಿಂದ. ಸ್ಕಾಚ್ ಎನ್ನಿಸಿಕೊಳ್ಳಬೇಕಾದರೆ ಓಕ್ ಮರದ ಪೀಪಾಯಿಯಲ್ಲಿ, ಸ್ಕಾಟ್ಲೆಂಡಿನಲ್ಲೇ, ಕನಿಷ್ಠ ಮೂರು ವರ್ಷ ಮಲಗಿರಬೇಕು. ಈ ಕಾಯಿದೆಯ ಕತೆ ಸ್ವಾರಸ್ಯವಾಗಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕಾರ್ಖಾನೆಯ ಕೂಲಿಗಳು ಕುಡಿದು ಕೆಲಸ ಕೆಡಿಸುತ್ತಾರೆಂದು ಲಾಯ್ಡ್ ಜಾರ್ಜ್‌ಗೆ ಕೋಪ. ಕುಡಿತಕ್ಕೆ ಕಡಿವಾಣ ಹಾಕಲು ನಡೆದ ಹಲವು ಪ್ರಯತ್ನಗಳ ನಡುವೆ 1915ರಲ್ಲಿ ಒಂದು ಕಾನೂನು ಬಂತು. ಹಸಿಬಿಸಿ ಮದ್ಯ ಮಾರುವಂತಿಲ್ಲ, ಎರಡು ವರ್ಷ ಇಟ್ಟೇ ಮಾರಬೇಕು ಎಂದು. ಮರುವರ್ಷ ಅದು ಮೂರಾಯಿತು. ಕುಡಿತ ಕಡಿಮೆ ಮಾಡಲು ಹಾಕಿದ ಕಟ್ಟಳೆಯೇ ಕೊನೆಗೆ ಮಾಲಿನ ಹೆಚ್ಚುಗಾರಿಕೆಯ ಗುರುತಾಯಿತು!

ಇನ್ನು ಷೆರಿಯ ಸಂಗತಿ. ಅದು ಸ್ಪೇನ್ ದೇಶದ ದಕ್ಷಿಣದ ಹೆರೆಸ್ ಎಂಬ ಊರಿನ ದ್ರಾಕ್ಷಾರಸ. ಅರಬರು ಆಳುತ್ತಿದ್ದಾಗ ಆ ಊರನ್ನು ಷೆರಿಷ್ ಎನ್ನುತ್ತಿದ್ದರು. ಇಂಗ್ಲಿಷರ ನಾಲಗೆಯಲ್ಲಿ ಅದು ಷೆರಿಯಾಯಿತು. 1587ರಲ್ಲಿ ಫ್ರಾನ್ಸಿಸ್ ಡ್ರೇಕ್ ಕಾದಿಸ್ ಬಂದರಿನ ಮೇಲೆ ದಾಳಿ ಮಾಡಿದಾಗ ಸುಮಾರು 2,900 ಪೀಪಾಯಿ ಷೆರಿ ಹೊತ್ತು ತಂದನೆಂದು ಹೇಳುತ್ತಾರೆ. ಕೊಳ್ಳೆಯೋ ಕೊಂಡದ್ದೋ, ಇಂಗ್ಲಿಷರಿಗೆ ಅದರ ರುಚಿ ಹತ್ತಿತು. ನೂರಾರು ವರ್ಷ ಹಡಗುಗಳಲ್ಲಿ ಪೀಪಾಯಿಗಳು ಬಂದವು. ಖಾಲಿ ಪೀಪಾಯಿಯನ್ನು ವಾಪಸು ಕಳಿಸುವ ಖರ್ಚು ಯಾರು ಹೊರಬೇಕು? ಸ್ಕಾಟ್ಲೆಂಡಿನ ಭಟ್ಟಿಯವರು ಅಗ್ಗಕ್ಕೆ ಕೊಂಡು ತಮ್ಮ ಮಾಲು ತುಂಬಿದರು. ನಾವು ಹಾರ್ಲಿಕ್ಸ್ ಬಾಟಲಿಗೆ ಸಾಸಿವೆ ತುಂಬಿದ ಹಾಗೆ! ಆದರೆ ಮರ ಗಾಜಿನಂಥದಲ್ಲ. ಹಿಂದಿನ ಒಡೆಯನ ನೆನಪನ್ನು ಅದು ಇಟ್ಟುಕೊಳ್ಳುತ್ತದೆ. ದ್ರಾಕ್ಷಿಯ ಸಿಹಿ, ಕೆಂಬಣ್ಣ, ಒಗರು ಎಲ್ಲವೂ ವಿಸ್ಕಿಗೆ ಇಳಿದವು. ಜಿಪುಣತನದಿಂದ ಶುರುವಾದದ್ದು ಕಾಲಕ್ರಮದಲ್ಲಿ ರುಚಿಯಾಯಿತು.

1980ರ ದಶಕದಲ್ಲಿ ಸ್ಪೇನಿನವರು ಷೆರಿಯನ್ನು ತಮ್ಮಲ್ಲೇ ಬಾಟಲಿಗೆ ತುಂಬಿ ಕಳಿಸಬೇಕೆಂದು ಕಟ್ಟು ಮಾಡಿದಾಗ ಖಾಲಿ ಪೀಪಾಯಿಗಳು ಬರುವುದು ನಿಂತಿತು. ಈಗ ವಿಸ್ಕಿಯವರೇ ಹಣ ಕೊಟ್ಟು ಹೊಸ ಪೀಪಾಯಿ ಮಾಡಿಸಿ, ಅದಕ್ಕೆ ಒಂದೆರಡು ವರ್ಷ ಷೆರಿ ತುಂಬಿಸಿಡಿಸಿ, ಆಮೇಲೆ ತರಿಸಿಕೊಳ್ಳುತ್ತಾರೆ. ಹೊಸ ದೋಸೆಕಾವಲಿಯನ್ನು ಎಣ್ಣೆ ಈರುಳ್ಳಿ ಹಾಕಿ ಪಳಗಿಸುವುದಿಲ್ಲವೇ, ಹಾಗೆ. ಆದ್ದರಿಂದ ಈ ಪೀಪಾಯಿಗಳು ತುಂಬ ದುಬಾರಿ. ಅಮೆರಿಕದ ಬರ್ಬನ್ ಪೀಪಾಯಿಗಳು ಅದಕ್ಕಿಂತ ಅಗ್ಗ. ಯಾಕೆಂದರೆ ಬರ್ಬನ್ನನ್ನು ಪ್ರತಿ ಸಲವೂ ಹೊಸ ಮರದಲ್ಲೇ ಇಡಬೇಕೆಂದು ಅಲ್ಲಿ ಕಾನೂನಿದೆ, ಒಮ್ಮೆ ಬಳಸಿದ್ದನ್ನು ಮಾರಿಬಿಡುತ್ತಾರೆ. ಅದಕ್ಕೇ ವಿಸ್ಕಿಯನ್ನು ಹತ್ತಾರು ವರ್ಷ ಬರ್ಬನ್ ಪೀಪಾಯಿಯಲ್ಲಿಟ್ಟು, ಕೊನೆಯ ಕೆಲವು ತಿಂಗಳೋ ಒಂದೆರಡು ವರ್ಷವೋ ಷೆರಿ ಪೀಪಾಯಿಗೆ ಬದಲಾಯಿಸುವ ಪದ್ಧತಿ ಬಂತು. ಬಾಲ್ವೆನಿ ಭಟ್ಟಿಮನೆಯ ಡೇವಿಡ್ ಸ್ಟುವರ್ಟ್ 1980ರ ದಶಕದ ಮೊದಲಲ್ಲಿ ಇದನ್ನು ಪ್ರಯೋಗ ಮಾಡಿ ಹೆಸರಾದರು. 'ಮುಗಿಸಿದ್ದು' ಎಂದರೆ ಇದೇ. ಸಾರೆಲ್ಲ ಕುದಿದ ಮೇಲೆ ಕೊನೆಗೆ ಕೊಡುವ ಒಗ್ಗರಣೆ.

ಇದರ ಚರಿತ್ರೆಯಲ್ಲಿ ಹೆಂಗಸರೂ ಇದ್ದಾರೆ. ಹೆಲೆನ್ ಕಮಿಂಗ್ ಎಂಬಾಕೆ ಕಾರ್ಡು ಎಂಬಲ್ಲಿ ಗಂಡನ ಹೊಲದ ಮನೆಯಲ್ಲೇ ಕದ್ದು ಭಟ್ಟಿ ಇಳಿಸುತ್ತಿದ್ದಳು. ಸುಂಕದವರು ಬಂದರೆ ಕೈಗೆ ಹಿಟ್ಟು ಮೆತ್ತಿಕೊಂಡು, ರೊಟ್ಟಿ ಮಾಡುತ್ತಿದ್ದೇನೆ ಬನ್ನಿ ಎಂದು ಚಹಾ ಕೊಟ್ಟು ಕೂರಿಸಿ, ಹಿತ್ತಲಲ್ಲಿ ಕೆಂಪು ಬಟ್ಟೆ ಏರಿಸಿ ಅಕ್ಕಪಕ್ಕದವರನ್ನು ಎಚ್ಚರಿಸುತ್ತಿದ್ದಳೆಂದು ಕತೆ. 1823ರಲ್ಲಿ ಸುಂಕದ ಕಾನೂನು ಸಡಿಲವಾದ ಮೇಲೆ ಅವರು ಪರವಾನಗಿ ಪಡೆದರು. ಅವಳ ಸೊಸೆ ಎಲಿಜಬೆತ್ ವಿಧವೆಯಾದ ಮೇಲೂ ಭಟ್ಟಿಮನೆ ನಡೆಸಿ, 1893ರಲ್ಲಿ ಒಳ್ಳೆಯ ಬೆಲೆಗೆ ಜಾನ್ ವಾಕರ್ ಕಂಪನಿಗೆ ಮಾರಿದಳು. ಬೆಸ್ಸಿ ವಿಲಿಯಮ್ಸನ್ ಎಂಬಾಕೆ 1934ರಲ್ಲಿ ಐಲಾ ದ್ವೀಪದ ಲಾಫ್ರಾಯ್ಗ್ ಭಟ್ಟಿಮನೆಗೆ ಬೇಸಿಗೆಯ ಮಟ್ಟಿಗೆ ಟೈಪಿಸ್ಟಾಗಿ ಬಂದವಳು. ಇಪ್ಪತ್ತು ವರ್ಷದ ನಂತರ ಮಾಲೀಕ ಸಾಯುವಾಗ ಅದನ್ನು ಅವಳಿಗೇ ಬಿಟ್ಟುಹೋದ. ಓದುತ್ತ ನನಗೆ ಅಕ್ಕನ ನೆನಪಾಯಿತು. ಅವರ ಕೈಗೆ ಮದ್ಯ ಆಸ್ತಿಯಾಗಿ ಬಂತು, ನನ್ನಕ್ಕನ ಕೈಯಿಂದ ಆಸ್ತಿಯನ್ನು ಅದೇ ಕಿತ್ತುಕೊಂಡಿತು.

ಅಲ್ಲಿಂದ ನಮ್ಮ ಊರಿಗೆ ಬರೋಣ. ಮಂಡ್ಯದ ಕತೆಯೆಲ್ಲ ನೀರಿನದು, ಕಬ್ಬಿನದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಗಿ ಇಪ್ಪತ್ತು ವರ್ಷ ನಡೆಯಿತು. ಇರ್ವಿನ್ ನಾಲೆ, ಈಗ ನಾವು ವಿಶ್ವೇಶ್ವರಯ್ಯ ನಾಲೆ ಎನ್ನುವುದು, ಹುಲಿಕೆರೆಯ ಸುರಂಗ ಹಾದು ಮಂಡ್ಯ, ಮದ್ದೂರು, ಮಳವಳ್ಳಿಯ ಒಣನೆಲಕ್ಕೆ ನೀರು ತಂದಿತು. ಕೆನಡಾ ದೇಶದಿಂದ ಬಂದು ಮೈಸೂರಿನ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಇಲ್ಲಿ ಕಬ್ಬು ಬೆಳೆದು ಸಕ್ಕರೆ ಮಾಡಬಹುದೆಂದು ಹಟ ಹಿಡಿದವರು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ರಾಗಿ ತಿನ್ನುತ್ತಿದ್ದವರ ಮನೆಗೆ ಅನ್ನ ಬಂತು, ಮಕ್ಕಳಿಗೆ ಇಸ್ಕೂಲು ಬಂತು. ಆ ಉಪಕಾರವನ್ನು ಮರೆಯುವಂತಿಲ್ಲ.

ಆದರೆ ಸಕ್ಕರೆ ತೆಗೆದ ಮೇಲೆ ಉಳಿಯುವುದು ಕಾಕಂಬಿ, ಕಪ್ಪಗೆ ಅಂಟಂಟಾದ ಮಡ್ಡಿ. ಅದರಲ್ಲಿ ಇನ್ನೂ ಸಿಹಿ ಇರುತ್ತದೆ. ಹುಳಿ ಬರಿಸಿ ಇಳಿಸಿದರೆ ಮದ್ಯಸಾರ. ಔಷಧಿಗೆ, ಬಣ್ಣಕ್ಕೆ, ಈಗೀಗ ಪೆಟ್ರೋಲಿಗೆ ಬೆರೆಸಲು ಅದೇ ಬೇಕು. ಕುಡಿಯುವವರ ಲೋಟಕ್ಕೂ ಅದೇ. ಸಾರಾಯಿ ಇದರದೇ ಕೂಸು. ನಮ್ಮ ದೇಶದಲ್ಲಿ ವಿಸ್ಕಿ ಎಂದು ಮಾರುವುದರಲ್ಲೂ ಬಹಳಷ್ಟು ಇಂಥ ಮದ್ಯಸಾರಕ್ಕೆ ಬಣ್ಣ, ವಾಸನೆ, ಚೂರು ಮಾಲ್ಟ್ ಸೇರಿಸಿದ್ದು. ಅದಕ್ಕೇ ಯೂರೋಪಿನ ದೇಶಗಳಲ್ಲಿ ಕಾಕಂಬಿಯ ಮದ್ಯವನ್ನು ವಿಸ್ಕಿ ಎಂಬ ಹೆಸರಿನಲ್ಲಿ ಮಾರಗೊಡುವುದಿಲ್ಲ. ಅಂದರೆ ಭಾವನ ಗದ್ದೆಯ ಕಬ್ಬು ಕಾರ್ಖಾನೆಗೆ ಹೋಗುತ್ತಿತ್ತು, ಯಾರದೋ ಗದ್ದೆಯ ಕಬ್ಬಿನ ಕಾಕಂಬಿ ಎಲ್ಲೆಲ್ಲೋ ಸುತ್ತಿ ಪ್ಯಾಕೆಟ್ಟಾಗಿ ಅವರ ಜೇಬಿಗೆ ಬರುತ್ತಿತ್ತು. ಈ ಸಾರಾಯಿಗೆ ಮೂರು ವರ್ಷ ಓಕ್ ಮರದಲ್ಲಿ ಮಲಗುವ ಪುರುಸೊತ್ತೆಲ್ಲಿ?

1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು, ಅಕ್ಷರ ಕಲಿಯಲು ಕೂತವರು, ಸಾರಾಯಿ ಅಂಗಡಿ ಮುಚ್ಚಿಸಿದ ಸುದ್ದಿ ಪತ್ರಿಕೆಯಲ್ಲಿ ಓದಿ ನಾನು ಅಕ್ಕನಿಗೆ ಹೇಳಿದ್ದೆ. ಮರುವರ್ಷ ಆಂಧ್ರದಲ್ಲಿ ಸಾರಾಯಿಯೇ ನಿಂತಿತು. "ನಮ್ಮಲ್ಲಿ ಯಾವಾಗಮ್ಮಿ?" ಎಂದು ಕೇಳಿದ್ದಳು. ನಮ್ಮಲ್ಲಿ ನಿಂತದ್ದು 2007ರ ಜುಲೈ 1ರಂದು. ಭಾವ ಹೋಗಿ ಒಂಬತ್ತು ವರ್ಷವಾಗಿತ್ತು. ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ಮುಗಳು ಸಣ್ಣ ಸಣ್ಣ ರಟ್ಟಿನ ಪೊಟ್ಟಣದಲ್ಲಿ ಬಂದು ಕೂತವು ಎಂಬುದನ್ನು ನಾನು ಹೇಳಬೇಕಾಗಿಲ್ಲ.

ಇಷ್ಟರ ನಡುವೆ ಒಂದು ವಿಚಿತ್ರವೂ ನಡೆದಿದೆ. ಮದ್ದೂರಿನಿಂದ ಬೆಂಗಳೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ಕುಂಬಳಗೋಡಿನ ಹತ್ತಿರ ಕಂಬೀಪುರವಿದೆ. ಅಲ್ಲಿರುವುದು ಅಮೃತ್ ಡಿಸ್ಟಿಲರಿ. 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಶುರುಮಾಡಿದ ಕಂಪನಿ. ಅವರ ಮಗ ನೀಲಕಂಠ ಜಗದಾಳೆಯವರು ಉತ್ತರ ಭಾರತದ ಜವೆಗೋಧಿಯಿಂದ ಸಿಂಗಲ್ ಮಾಲ್ಟ್ ಮಾಡಿಸಿ, 2004ರ ಆಗಸ್ಟಿನಲ್ಲಿ ನೇರ ಗ್ಲಾಸ್ಗೋ ನಗರಕ್ಕೇ ಒಯ್ದು ಬಿಡುಗಡೆ ಮಾಡಿದರು. ಕೊಲ್ಲಾಪುರದಲ್ಲಿ ಬೆಲ್ಲ ಮಾರಿದರೂ ಮಾರಬಹುದು, ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಮಾರುವುದೇ? ಜನ ನಕ್ಕಿರಬೇಕು. ಆದರೆ ಅವರ 'ಫ್ಯೂಷನ್' ಎಂಬ ವಿಸ್ಕಿಯನ್ನು ಜಿಮ್ ಮರ್ರೆ ಎಂಬ ವಿಮರ್ಶಕರು ತಮ್ಮ 2010ರ ಪುಸ್ತಕದಲ್ಲಿ ಲೋಕದ ಮೂರನೆಯ ಅತ್ಯುತ್ತಮ ವಿಸ್ಕಿ ಎಂದರು. ಅದೇ 2010ರಲ್ಲಿ ಇವರು ಷೆರಿಯ ಒಂದು ಬಗೆಯನ್ನೂ ತಂದರು. ಮೊದಲು ಬರ್ಬನ್ ಮತ್ತು ಹೊಸ ಮರದ ಪೀಪಾಯಿ, ನಡುವೆ ಷೆರಿ, ಕೊನೆಗೆ ಮತ್ತೆ ಬರ್ಬನ್. ತೌರಿನಿಂದ ಅತ್ತೆಮನೆಗೆ ಹೋಗಿ ಬಾಣಂತನಕ್ಕೆ ಮತ್ತೆ ತೌರಿಗೆ ಬಂದ ಹಾಗೆ ಅಂದುಕೊಂಡೆ.

ಪೀಪಾಯಿಯಲ್ಲಿಟ್ಟ ವಿಸ್ಕಿ ಮರದ ಸಂದಿನಿಂದ ಉಸಿರಾಡಿ ಆವಿಯಾಗುತ್ತದೆ. ಇದನ್ನು ಅವರು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನ ಚಳಿಯಲ್ಲಿ ಆ ಪಾಲು ವರ್ಷಕ್ಕೆ ನೂರಕ್ಕೆ ಎರಡು. ಬೆಂಗಳೂರಿನ ಹವೆಯಲ್ಲಿ ಹತ್ತರಿಂದ ಹನ್ನೆರಡು. ಲೆಕ್ಕ ಹಾಕಿ ನೋಡಿ. ಅಲ್ಲಿ ನೂರು ಲೀಟರ್ ಇಟ್ಟರೆ ಹನ್ನೆರಡು ವರ್ಷದ ಮೇಲೂ 78 ಲೀಟರ್ ಉಳಿಯುತ್ತದೆ. ಇಲ್ಲಿ ಐದೇ ವರ್ಷಕ್ಕೆ 56ಕ್ಕೆ ಇಳಿದಿರುತ್ತದೆ. ಸೆಕೆಗೆ ಮರವೂ ಮದ್ಯವೂ ಬೇಗ ಬೆರೆಯುವುದರಿಂದ ಇಲ್ಲಿ ಎಳೆಯ ವಯಸ್ಸಿಗೇ ಮಾಗುತ್ತದೆ. 2013ರಲ್ಲಿ ಎಂಟು ವರ್ಷ ಇಟ್ಟದ್ದೊಂದನ್ನು ಹೊರತಂದಾಗ ಅಮೃತ್‌ನವರು ಅದಕ್ಕೆ 'ದುರಾಸೆಯ ದೇವತೆಗಳು' ಎಂಬರ್ಥದ ಹೆಸರನ್ನೇ ಇಟ್ಟರು.

ಇದನ್ನೆಲ್ಲ ನಾನು ತಿಳಿದದ್ದು ಆಮೇಲೆ. ಆ ದಿನ ಮೇಜಿನ ಮುಂದೆ ಹುಡುಗ ಒಂದು ಸಣ್ಣ ಗಾಜಿನ ಲೋಟಕ್ಕೆ ಎರಡು ಚಮಚೆಯಷ್ಟು ಬಗ್ಗಿಸಿದ. ಬಣ್ಣ ಕಾಸಿದ ತುಪ್ಪಕ್ಕಿಂತ ಗಾಢ, ಜೋನಿಬೆಲ್ಲಕ್ಕಿಂತ ತಿಳಿ. "ಮೂಗು ಒಳಗೆ ಇಡಬೇಡಿ, ಸುಡುತ್ತೆ. ಸ್ವಲ್ಪ ದೂರದಿಂದ, ಬಾಯಿ ಚೂರು ತೆರೆದುಕೊಂಡು ಮೂಸಿ" ಅಂದ. ಮೊದಲು ಡಾಕ್ಟರ ಶಾಪಿನ ಸ್ಪಿರಿಟ್ಟು. ಆಮೇಲೆ ಅವನು ನಾಲ್ಕು ಹನಿ ನೀರು ಬಿಟ್ಟ. ಆಗ ಒಣದ್ರಾಕ್ಷಿ ಬಂತು, ಕಿತ್ತಳೆ ಸಿಪ್ಪೆ ಬಂತು, ಲವಂಗ, ಹಳೆಯ ಮರದ ಪೆಟ್ಟಿಗೆ ತೆರೆದಾಗಿನ ವಾಸನೆ. ಸುಳ್ಳು ಯಾಕೆ ಹೇಳಲಿ, ನಾಲಗೆಯ ತುದಿಗೂ ಮುಟ್ಟಿಸಿದೆ. ಮೊದಲು ಖಾರ, ಆಮೇಲೆ ಸಿಹಿ, ನುಂಗಿದ ಮೇಲೆ ಅಡಿಕೆಯ ಒಗರು ಬಹಳ ಹೊತ್ತು ಉಳಿಯಿತು. ಚೆನ್ನಾಗಿತ್ತು. ಚೆನ್ನಾಗಿತ್ತಲ್ಲ ಎಂದು ನಾಚಿಕೆಯೂ ಆಯಿತು.

ಅಷ್ಟರಲ್ಲಿ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನ ಕೈಯಲ್ಲಿನ ಲೋಟ ನೋಡಿದಳು. ಬೈಯುತ್ತಾಳೆಂದುಕೊಂಡೆ. "ತತ್ತಾ ಇಲ್ಲಿ" ಎಂದು ಇಸಕೊಂಡು ಮೂಸಿದಳು. ಕಣ್ಣು ಮುಚ್ಚಿಕೊಂಡು ಇನ್ನೊಂದು ಸಲ ಮೂಸಿದಳು.

"ಆಲೆಮನೆ ವಾಸ್ನೆ ಬತ್ತದೆ ಕಣಮ್ಮಿ. ಕೊಪ್ಪರಿಗೇಲಿ ಪಾಕ ಎತ್ತೋ ಹೊತ್ನಲ್ಲಿ ಬತ್ತಿತ್ತಲ್ಲ, ಅದೇಯ."

ಮಗನ ಮುಖ ಅರಳಿತು. ಆಗ ಅವಳು ಹೇಳಿದಳು: "ಚೆಂದಾಗದೆ ಅಂತ್ಲೇ ಭಯ ಕಣಪ್ಪ. ನಿಮ್ಮಪ್ಪ ಕುಡೀತಿದ್ದುದು ನಾರೋದು. ಮೂಗು ಮುಚ್ಕಂಡು ಕುಡೀತಿದ್ದ. ಅಂಥದ್ದನ್ನೇ ಬಿಡಕ್ಕೆ ಆಗ್ನಿಲ್ಲ ಅವುನ್ಗೆ. ಇಂಥದ್ದನ್ನ ನೀನೆಂಗೆ ಬಿಟ್ಟೀಯೆ?"

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ಅವ್ವ, ನಾನು ಹದಿನೈದು ದಿನಕ್ಕೊಂದು ಸಲ, ಒಂದು ಲೋಟ ಅಷ್ಟೇ. ನಿನ್ನಿಂದ ಮುಚ್ಚಿಡಬಾರದು ಅಂತ್ಲೇ ತಂದು ಇಲ್ಲಿಟ್ಟೆ. ಅಪ್ಪ ಮುಚ್ಚಿಟ್ಟುಕೊಂಡು ಕುಡೀತಿದ್ದರಲ್ಲ" ಅಂದ.

ಇದಕ್ಕೆ ಉತ್ತರ ನನ್ನ ಚರಿತ್ರೆಯ ಪುಸ್ತಕಗಳಲ್ಲಿರಲಿಲ್ಲ. ಸ್ಕಾಚ್‌ನಲ್ಲಿ ಮದ್ಯಸಾರ ನೂರಕ್ಕೆ ನಲವತ್ತಕ್ಕೆ ಕಡಿಮೆ ಇರುವಂತಿಲ್ಲ. ಓಕ್ ಮರದಲ್ಲಿ ಮಲಗಿತ್ತೋ ಪ್ಲಾಸ್ಟಿಕ್ಕಿನಲ್ಲಿತ್ತೋ ಎಂದು ಈಲಿ ಕೇಳುವುದಿಲ್ಲ. ಇಷ್ಟು ಕುಡಿದರೆ ಅಪಾಯವಿಲ್ಲ ಎನ್ನುವ ಅಳತೆಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆದರೂ ಐನೂರು ವರ್ಷ ಎಷ್ಟೋ ಜನರ ಕೈ, ಮೂಗು, ತಾಳ್ಮೆ ಸೇರಿ ಆದ ವಸ್ತು ಅದೆಂಬುದೂ ನಿಜ. ಎರಡನ್ನೂ ಒಟ್ಟಿಗೆ ಒಪ್ಪಿಕೊಳ್ಳುವುದು ಕಷ್ಟ. ಆದರೆ ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಚರಿತ್ರೆಯಾಗುವುದಿಲ್ಲ.

ದೇವತೆಗಳು ತಮ್ಮ ಪಾಲು ತೆಗೆದುಕೊಂಡರು, ಸರ್ಕಾರ ಸುಂಕದ ಪಾಲು ತೆಗೆದುಕೊಂಡಿತು. ಸ್ಕಾಟ್ಲೆಂಡಿನ ಎಲಿಜಬೆತ್‌ಗೂ ಬೆಸ್ಸಿಗೂ ಅವರವರ ಪಾಲು ಸಿಕ್ಕಿತು. ಮಳವಳ್ಳಿಯ ಅಕ್ಕನ ಪಾಲಿಗೆ ಬಂದದ್ದು ಮಾತ್ರ ಯಾವ ಲೆಕ್ಕಪುಸ್ತಕದಲ್ಲೂ ಇಲ್ಲ.

ಆ ಸಂಜೆ ಅಕ್ಕ ಬಾಟಲಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ತನ್ನ ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು. "ಬಂದಾಗ ಕೇಳು, ನಾನೇ ಬಗ್ಗುಸ್ಕೊಡ್ತೀನಿ. ಒಂದು ಲೋಟ" ಎಂದಳು. ಮಗ ನಕ್ಕು ತಲೆಯಾಡಿಸಿದ. ಮೊನ್ನೆ ಮದ್ದೂರಿಗೆ ಹೋದಾಗ, ಟ್ರಂಕು ತೆಗೆದು ಸೀರೆ ಬಿಚ್ಚಿ ತೋರಿಸಿದಳು. ಬಾಟಲಿಯ ಚೀಟಿಯ ಪಕ್ಕದಲ್ಲಿ, ಮಟ್ಟ ಎಲ್ಲಿದೆಯೋ ಅಲ್ಲಿಗೆ, ಕಾಡಿಗೆಯಲ್ಲಿ ಒಂದು ಗೆರೆ ಎಳೆದಿದ್ದಳು. ಗೆರೆಯ ಕೆಳಗೆ ಒಂದು ಹನಿಯೂ ಇಳಿದಿರಲಿಲ್ಲ.